ಅನ್ಯಗ್ರಹದ ಮಹಾಂತಯ್ಯ

ನಟನಾಗಬೇಕೆಂಬ ಆಸೆ ಬಲು ಕೆಟ್ಟದ್ದು ನೋಡಿ. ಬೇರೆ ಆಸೆಗಳೆಲ್ಲ ವಯಸ್ಸಾದಂತೆ ಹಲ್ಲಿನ ಜೊತೆಗೆ ಒಂದೊಂದಾಗಿ ಉದುರಿಹೋಗುತ್ತವೆ, ಇದು ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಕಾಶಿಯ ಮಠದಲ್ಲಿ ಯಾತ್ರಿಕರಿಗೆ ಖೋಲಿ ತೋರಿಸಿ, ಕೀಲಿ ಕೊಟ್ಟು, "ನಳ ಬಂದ್ ಮಾಡ್ರೆಪಾ, ನೀರು ಸುಮ್ಮನ ಹರದು ಹೊಂಟಾವ" ಎಂದು ಗದರುತ್ತಲೇ ಐವತ್ತು ದಾಟಿದ್ದ ಮಹಾಂತಯ್ಯನಿಗೂ ಅದು ಹೋಗಿರಲಿಲ್ಲ.

ಹರೆಯದಲ್ಲಿ ಅವನು ಸಿಂದಗಿ ಕಡೆಯ ಒಂದು ನಾಟಕ ಕಂಪನಿ ಸೇರಿದ್ದ. ಆಳು ಆರಡಿ, ಹಾಗಾಗಿ ಮಾಲೀಕರು ನೋಡಿದ ಕೂಡಲೇ ಕೈಗೊಂದು ಭರ್ಚಿ ಕೊಟ್ಟು ದ್ವಾರಪಾಲಕನನ್ನಾಗಿ ನಿಲ್ಲಿಸಿದರು. ನಿಲ್ಲಿಸಿದವರು ಮರೆತೇಬಿಟ್ಟರು. ಕಂಪನಿ ಎಷ್ಟು ಊರು ತಿರುಗಿದರೂ ಅವನ ಬಾಯಿಂದ ಬಂದ ಮಾತು ಒಂದೇ: "ಅಪ್ಪಣೆ, ಪ್ರಭು." ಕೊನೆಯ ಅಂಕದಲ್ಲಿ ರಾಜ ಎದೆ ಹಿಡಿದುಕೊಂಡು ಸಾಯುತ್ತಿದ್ದ. ಜನ "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು, ಮೀಸೆ ಸರಿಮಾಡಿಕೊಂಡು ಮತ್ತೊಮ್ಮೆ ಸಾಯುತ್ತಿದ್ದ. ಬಾಗಿಲಲ್ಲಿ ಭರ್ಚಿ ಹಿಡಿದ ಮಹಾಂತಯ್ಯ ಅದನ್ನು ನುಂಗುವ ಹಾಗೆ ನೋಡುತ್ತಿದ್ದ. ಒಂದು ಸಲ, ಒಂದೇ ಒಂದು ಸಲ ತಾನೂ ಹೀಗೆ ಸಾಯಬೇಕು, ಯಾರಾದರೂ "ಭಲೇ" ಅನ್ನಬೇಕು. ಬಡವ ಬೇಡಿದ್ದು ಇಷ್ಟೇ.

ಅಷ್ಟರಲ್ಲಿ ಕಾಶಮ್ಮನ ಜೊತೆ ಮದುವೆ ಗೊತ್ತಾಯಿತು. ಅವಳ ಕಾಕಾ ಒಬ್ಬ ಹೀಗೇ ಕಂಪನಿಯ ಬೆನ್ನು ಹತ್ತಿ ಹೋದವನು ಮನೆಗೆ ತಿರುಗಿ ಬಂದಿರಲಿಲ್ಲ. ಅವಳ ಅಜ್ಜಿ ತೀರಿಕೊಳ್ಳುವ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಹಾಗಾಗಿ ಮಾವ ಚಪ್ಪರದಲ್ಲೇ ಪಟ್ಟು ಹಿಡಿದ: "ಮುಖಕ್ಕ ಬಣ್ಣ ಹಚ್ಚೂದಿಲ್ಲ ಅಂತ ಗುರುಗಳ ಪಾದ ಮುಟ್ಟಿ ಹೇಳ್ರಿ. ಆಮ್ಯಾಲ ಅಕ್ಕಿಕಾಳು." ಮಹಾಂತಯ್ಯ ಪಾದ ಮುಟ್ಟಿ ಹೇಳಿದ. ಕಾಶಿಗೆ ಬಂದು ನೆಲೆಸಿದ ಮೇಲೂ ಆ ಮಾತನ್ನು ನಡೆಸಿಕೊಂಡೇ ಬಂದಿದ್ದ, ಹೋದ ವರ್ಷದ ಬೇಸಿಗೆಯ ತನಕ.

ಹೋದ ಬೇಸಿಗೆಯಲ್ಲಿ ಮುಂಬಯಿಯ ಒಬ್ಬ ನಿರ್ದೇಶಕ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು ಸೋನಾರ್‌ಪುರ ಓಣಿಯ ಲಾಜಿನಲ್ಲಿ ಇಳಿದ. ಸಿನಿಮಾದ ಹೆಸರು 'ಶುಕ್ರಲೋಕ್ ಕಾ ಮೆಹಮಾನ್', ಅಂದರೆ ಶುಕ್ರಲೋಕದ ಅತಿಥಿ. ಶುಕ್ರಗ್ರಹದಿಂದ ಒಬ್ಬ ಕಾಶಿಯ ಘಾಟಿಗೆ ಬಂದಿಳಿಯುತ್ತಾನೆ, ನಾವಿಕನ ಮಗಳು ಅವನಿಗೆ ನೀರು ಕೊಡುತ್ತಾಳೆ, ಖಳನಾಯಕ ಗುಂಡು ಹೊಡೆಯುತ್ತಾನೆ, ಪಾಪ, ಶುಕ್ರದವನು ಸಾಯುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವಂಥ ಸಿನಿಮಾ. ಶುಕ್ರದವನ ತಲೆಗೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಬಕೆಟ್ಟು, ಕಣ್ಣಿಗೆ ಕೆಂಪು ಬಲ್ಬು, ಮೈಗೆ ಮಿರಿಮಿರಿ ಮಿಂಚುವ ಕವಚ. ಆ ವೇಷ ಹಾಕಬೇಕಾಗಿದ್ದ ಎತ್ತರದ ನಟ ಬಂದ ದಿನವೇ ಬೀದಿಯ ಚಾಟ್ ತಿಂದು ಹೊಟ್ಟೆ ಕೆಡಿಸಿಕೊಂಡು ಮಲಗಿದ. ಆ ಉರಿಬಿಸಿಲಲ್ಲಿ ಬಕೆಟ್ಟಿನೊಳಗೆ ತಲೆ ತೂರಿಸಲು ಇನ್ಯಾವ ಗಂಡಸೂ ಒಪ್ಪಲಿಲ್ಲ. ನಿರ್ದೇಶಕ ಆರಡಿ ಆಳು ಹುಡುಕುತ್ತ ಮಠದ ಬಾಗಿಲಿಗೆ ಬಂದ. ಬಾಗಿಲಲ್ಲಿ ಮಹಾಂತಯ್ಯ ನಿಂತಿದ್ದ.

ಬಣ್ಣ ಹಚ್ಚುವುದಿಲ್ಲ ಎಂದು ಆಣೆ ಮಾಡಿದ್ದು ಮುಖಕ್ಕೆ. ಇಲ್ಲಿ ಬಣ್ಣ ಹಚ್ಚಿದ್ದು ಬಕೆಟ್ಟಿಗೆ. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು, ಕಾಶಮ್ಮನಿಗೆ ಮೊಘಲ್‌ಸರಾಯ್ ಸ್ಟೇಷನ್ನಿಗೆ ಯಾತ್ರಿಕರನ್ನು ಕರೆತರಲು ಹೋಗುತ್ತೇನೆಂದು ಸುಳ್ಳು ಹೇಳಿ, ಮಹಾಂತಯ್ಯ ಘಾಟಿಗೆ ಹೋದ. ಎದೆಯ ಮೇಲಿನ ಲಿಂಗದ ಕರಡಿಗೆ ಕವಚದೊಳಗೆ ಉಬ್ಬಿ ಕಾಣುತ್ತದೆ, ತೆಗೆದಿಡಿ ಎಂದ ನಿರ್ದೇಶಕ. "ಜೀವ ಹೋದರೂ ತೆಗಿಯೂದಿಲ್ಲ" ಎಂದು ಮಹಾಂತಯ್ಯ ಹಿಂದಿಯಲ್ಲಿ ಅಬ್ಬರಿಸಿದ. ಶುಕ್ರದವರಿಗೆ ಎದೆ ಉಬ್ಬಿಕೊಂಡೇ ಇರುತ್ತದೆ ಬಿಡಿ ಎಂದು ನಿರ್ದೇಶಕ ಸುಮ್ಮನಾದ.

ಸಾಯುವ ದೃಶ್ಯದಲ್ಲಿ "ಬೀಳಿ, ಸಾಕು" ಅಂದಿದ್ದರು. ಸಾಕಂತೆ! ಹರೆಯದಿಂದ ಕಾದುಕೊಂಡಿದ್ದ ಸಾವು ಅದು. ಮಹಾಂತಯ್ಯ ಬಿದ್ದ, ಎದ್ದ, ಗಂಗೆಯ ಕಡೆ ಕೈಚಾಚಿದ, ಮೆಟ್ಟಿಲ ಮೇಲೆ ಹೊರಳಿದ, ಮತ್ತೆ ತಲೆಯೆತ್ತಿದ. ನಿರ್ದೇಶಕ "ಕಟ್, ಕಟ್" ಎಂದು ಗಂಟಲು ಹರಿದುಕೊಂಡದ್ದು ಬಕೆಟ್ಟಿನೊಳಗೆ ಕೇಳಿಸಲಿಲ್ಲ. ಇನ್ನೊಮ್ಮೆ ತೆಗೆಯಲು ರೀಲು ಉಳಿದಿರಲಿಲ್ಲವಾಗಿ ಆ ಸಾವು ಹಾಗೇ ಸಿನಿಮಾದಲ್ಲಿ ಉಳಿಯಿತು.

ಅಲ್ಲಿಂದ ಶುರುವಾಯಿತು ಸಂಕಟ. ಸಿನಿಮಾ ಯಾವ ಟಾಕೀಸಿಗೂ ಬರಲಿಲ್ಲ. ಬಂದದ್ದು ಈ ಯುಗಾದಿಗೆ, ಅದೂ ಭೇಲೂಪುರ ಬಡಾವಣೆಯಲ್ಲಿ ಬಾಡಿಗೆಗಿದ್ದ ಚಿದಾನಂದ ಅವರ ಮನೆಗೆ, ಕ್ಯಾಸೆಟ್ಟಿನಲ್ಲಿ. ಚಿದಾನಂದ ಮೈಸೂರಿನವರು, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಹೆಂಡತಿ ವಿನೋದಾ ಮೂಳೆಯ ಡಾಕ್ಟರು. ಪ್ರತಿ ವರ್ಷ ಹಬ್ಬಕ್ಕೆ ಊರಲ್ಲಿದ್ದ ನಾಲ್ಕು ಕನ್ನಡದ ಮನೆಯವರನ್ನು ಕರೆದು ಹೋಳಿಗೆ ಊಟ ಹಾಕುತ್ತಿದ್ದರು. ಊಟವಾದ ಮೇಲೆ ಅವರ ಮಗಳು ಗಗನಾ, ಕಾಲೇಜಿನ ಹುಡುಗಿ, "ಇದ್ರಲ್ಲಿ ನಮ್ಮ ಘಾಟ್ ಇದೆಯಂತೆ" ಎಂದು ಕ್ಯಾಸೆಟ್ ತೂರಿಸಿದಳು. ಸಿನಿಮಾದ ಹೆಸರು ಪರದೆಯ ಮೇಲೆ ಬಂದದ್ದೇ ತಡ, ಮಹಾಂತಯ್ಯನಿಗೆ ತನ್ನ ಬಕೆಟ್ಟಿನ ನೆನಪಾಯಿತು. ಅವನು ಮೆಲ್ಲಗೆ ಸರಿದು ಎಲ್ಲರ ಹಿಂದೆ, ಬಾಗಿಲ ಬಳಿ ಕುಳಿತ. ಕಾಶಮ್ಮ ಮುಂದೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದಳು. ಕೈ ಖಾಲಿ ಬಿಟ್ಟು ಕೂತು ಗೊತ್ತಿದ್ದವಳಲ್ಲ.

ಕಾಶಮ್ಮನಿಗೆ ಗೊತ್ತಾಗಬಾರದು, ಆದರೆ ಯಾರಾದರೂ ಹೊಗಳಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವನಿಗೆ, ಉಗುಳಲೂ ಆಗದು, ನುಂಗಲೂ ಆಗದು.

ಶುಕ್ರದವನು ಬಂದಿಳಿದ. ನಾವಿಕನ ಮಗಳು ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟಳು. ಶುಕ್ರದವನು ಲೋಟ ತೆಗೆದುಕೊಂಡು, ಕುಡಿಯುವ ಮುಂಚೆ ಬಲಗೈಯಿಂದ ಎದೆಯ ಉಬ್ಬು ಮುಟ್ಟಿ, ಆ ಕೈಯನ್ನು ಎರಡೂ ಕೆಂಪು ಬಲ್ಬಿಗೆ ಒತ್ತಿಕೊಂಡ.

ಅಯ್ಯೋ ಶಿವನೇ! ಅದು ಮಹಾಂತಯ್ಯನ ಮನೆತನದ ರೂಢಿ. ನೀರಿರಲಿ, ಚಹಾ ಇರಲಿ, ಬಾಯಿಗೆ ಸೋಕುವ ಮೊದಲು ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಿರ್ದೇಶಕ ಹೇಳಿಕೊಟ್ಟದ್ದಲ್ಲ, ಇವನು ಬೇಕೆಂದು ಮಾಡಿದ್ದೂ ಅಲ್ಲ. ಬಕೆಟ್ಟು ಹೊತ್ತರೂ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವನು ಓರೆಗಣ್ಣಲ್ಲಿ ಹೆಂಡತಿಯ ಕಡೆ ನೋಡಿದ. ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತ್ತು.

ಅಷ್ಟರಲ್ಲಿ, ಖಳನಾಯಕ ಬಂದೂಕು ಎತ್ತುವ ಹೊತ್ತಿಗೆ ಸರಿಯಾಗಿ, ಕರೆಂಟು ಹೋಯಿತು. "ಬಿಜಲೀ ಗಯೀ!" ಎಂದು ಓಣಿಗೆ ಓಣಿಯೇ ಕೂಗಿಕೊಂಡಿತು. ಒಳಗಿದ್ದವರು ಬೀಸಣಿಗೆ ಹಿಡಿದು ವಿಮರ್ಶೆಗೆ ಕುಳಿತರು. ನೋಡುವಾಗ ತೂಕಡಿಸುತ್ತಿದ್ದವರಿಗೂ ಹೇಳುವಾಗ ಎಲ್ಲಿಲ್ಲದ ಹುರುಪು ಬಂದಿತ್ತು.

"ಏಕ್‌ದಮ್ ಬಕ್ವಾಸ್" ಎಂದಳು ಗಗನಾ.

"ಕಾಸಿಗೆ ತಕ್ಕ ಕಜ್ಜಾಯ ಕಣಮ್ಮ" ಎಂದರು ಚಿದಾನಂದ. "ಅದೇನು ವ್ಯೋಮನೌಕೆಯೇ? ಎರಡು ಸ್ಟೀಲ್ ತಟ್ಟೆ ಬೋರಲು ಹಾಕಿ ದಾರ ಕಟ್ಟಿ ಇಳಿಸಿದ್ದಾರೆ. ಇಡೀ ಸಿನಿಮಾದಲ್ಲಿ ವಿಜ್ಞಾನ ಅಂತ ಇರೋದು ಒಂದೇ ಕಡೆ. ನೀರು ಕುಡಿಯೋ ಮುಂಚೆ ಎದೆ ಮುಟ್ಟಿ ಕಣ್ಣು ಮುಟ್ಟಿದನಲ್ಲ? ಎದೆಯಲ್ಲಿ ಬ್ಯಾಟರಿ ಇದೆ. ಅಲ್ಲಿಂದ ಕಣ್ಣಿಗೆ ಚಾರ್ಜ್ ಮಾಡ್ಕೊಂಡ. ನಿರ್ದೇಶಕ ತುಂಬಾ ಯೋಚನೆ ಮಾಡಿದ್ದಾನೆ."

"ಯೋಚನೆ ಮಾಡಿ ಏನು ಬಂತು? ಆ ನಡಿಗೆ ನೋಡಿದ್ರಾ?" ಎಂದರು ವಿನೋದಾ. "ಎಡಮೊಣಕಾಲು ಪೂರ್ತಿ ಸವೆದಿದೆ. ಶುಕ್ರಲೋಕದಲ್ಲೂ ಸಂಧಿವಾತ!"

ಮಹಾಂತಯ್ಯ ಎಡಗಾಲನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡ.

ಶಿವಾಲ ಘಾಟಿನ ಓಣಿಯಿಂದ ಬಂದಿದ್ದ ಗೋದಾಬಾಯಿ, ಎಲ್ಲರಿಗಿಂತ ಹಿರಿಯರು, ಧಾರವಾಡದವರು, ಒಂದು ನಿಟ್ಟುಸಿರು ಬಿಟ್ಟರು. "ಅದೆಲ್ಲಾ ಇರ್ಲಿ, ಅಷ್ಟು ದೂರದಿಂದ ಬಂದಾನ, ಬರೇ ನೀರು ಕೊಟ್ಟಾಳಲ್ಲ ಆಕಿ! ಒಂದು ತುತ್ತು ಊಟ ಹಾಕಬಾರದಿತ್ತ?"

ಊಟದ ಮಾತು ಬೇಕಾಗಿರಲಿಲ್ಲ ಮಹಾಂತಯ್ಯನಿಗೆ. ಅವನಿಗೆ ತಡೆಯಲಾಗಲಿಲ್ಲ. ಯಾರದೋ ವಿಷಯವೆಂಬಂತೆ ಸೂರು ನೋಡುತ್ತ ಗಾಳ ಹಾಕಿದ: "ಅಲ್ರೀ ಸಾಹೇಬ್ರ, ಆ ಶುಕ್ರದಾವನ ಪಾತ್ರ ಮಾಡಿದಾಂವ... ಅಭಿನಯ ಹ್ಯಾಂಗನಸ್ತು?"

"ಯಾವ ಅಭಿನಯ?" ಚಿದಾನಂದ ನಕ್ಕರು. "ಅದರೊಳಗೆ ಮನುಷ್ಯ ಎಲ್ಲಿದ್ದಾನೆ ಮಹಾಂತಯ್ಯನವರೇ? ಮೋಟಾರು ಇಟ್ಟಿರ್ತಾರೆ. ಮನುಷ್ಯ ಆಗಿದ್ರೆ ಅಷ್ಟು ಕೆಟ್ಟದಾಗಿ ನಡೀತಿದ್ನಾ?"

ಮೋಟಾರು! ಬಿಸಿಲಲ್ಲಿ ಬೆಂದು, ಬೆವರಿನಲ್ಲಿ ಮಿಂದು, ಹೆಂಡತಿಗೆ ಸುಳ್ಳು ಹೇಳಿ ಗಳಿಸಿದ ಪದವಿ ಇದು. ಭರ್ಚಿ ಹಿಡಿದಾಗ ಕಂಬ ಅನ್ನುತ್ತಿದ್ದರು, ಈಗ ಮೋಟಾರು. ಮಹಾಂತಯ್ಯನಿಗೆ ನಿಜವಾಗಿ ಅಳು ಬಂತು. ಕೆಮ್ಮಿದಂತೆ ಮಾಡಿ ಮೂಗು ಒರೆಸಿಕೊಂಡ.

"ಕಾಶಮ್ಮನವರೇ, ನೀವೇನೂ ಹೇಳಲಿಲ್ಲ?" ಎಂದರು ವಿನೋದಾ.

ಕಾಶಮ್ಮ ಕಪ್ಪಾಗಿದ್ದ ಟೀವಿಯನ್ನೇ ನೋಡುತ್ತಿದ್ದಳು. "ಮುಗೀಲ್ರೀ. ಮುಗದ ಮ್ಯಾಲ ಹೇಳ್ತೀನಿ" ಎಂದಳು. ಆ ದನಿ ಕೇಳಿ ಮಹಾಂತಯ್ಯನ ಅಳು ಬಂದ ದಾರಿಯಲ್ಲೇ ವಾಪಸು ಹೋಯಿತು.

ಕರೆಂಟು ಬಂತು. ಖಳನಾಯಕ ಗುಂಡು ಹೊಡೆದ. ಶುಕ್ರದವನು ಬಿದ್ದ. ಬಿದ್ದವನು ಎದ್ದ. "ಅರೇ, ಮೋಟಾರು ಕೆಟ್ಟಿತು" ಎಂದು ಗಗನಾ ನಕ್ಕಳು, ಎಲ್ಲರೂ ನಕ್ಕರು. ಶುಕ್ರದವನು ಗಂಗೆಯ ಕಡೆ ಕೈಚಾಚಿ, ಮೆಟ್ಟಿಲ ಮೇಲೆ ಹೊರಳಿ, ಎದೆಯ ಉಬ್ಬನ್ನು ಮುಟ್ಟಿಕೊಂಡು, ಆ ಕೈಯನ್ನು ಕಣ್ಣಿನ ತನಕ ಒಯ್ಯಲಾರದೆ ಅರ್ಧದಲ್ಲೇ ಬಿಟ್ಟ. ಕೆಂಪು ಬಲ್ಬು ಆರಿತು.

"ಅಯ್ಯಯ್ಯೋ!" ಕಾಶಮ್ಮ ದಡಕ್ಕನೆ ಎದ್ದಳು. ಬತ್ತಿಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಒಂದು ಕೈಯಲ್ಲಿ ತಾಳಿ ಹಿಡಿದು, ಇನ್ನೊಂದು ಕೈಯಿಂದ ಟೀವಿಯ ಗಾಜು ಬಡಿಯುತ್ತ ಕೂಗಿದಳು: "ಏಳ್ರೀ! ಯಾಕ ಬಿದ್ರಿ? ಏಳ್ರೀ ಅಂದ್ರ!"

"ಏ, ಇಲ್ಲೇ ಅದೀನಲ್ಲ, ಮಾರಾಯ್ತಿ! ಸತ್ತಿಲ್ಲ!" ಬಾಗಿಲ ಬಳಿಯಿಂದ ಮಹಾಂತಯ್ಯನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟಿತು.

ಚಿದಾನಂದ ಟೀವಿಯನ್ನು ನೋಡಿದರು, ಮಹಾಂತಯ್ಯನನ್ನು ನೋಡಿದರು, ಮತ್ತೆ ಟೀವಿಯನ್ನು ನೋಡಿದರು. ವಿನೋದಾ ಅವನ ಎಡಮೊಣಕಾಲನ್ನು ನೋಡಿದರು. "ಹಾಗಾದ್ರೆ ಬ್ಯಾಟರಿ..." ಎಂದರು ಚಿದಾನಂದ.

ಕಾಶಮ್ಮ ತಿರುಗಿದಳು. ಕಣ್ಣಲ್ಲಿ ಇನ್ನೂ ನೀರಿತ್ತು, ಅದರ ಹಿಂದೆಯೇ ಸಿಟ್ಟೂ ಬಂದು ನಿಂತಿತ್ತು. "ಮೊಘಲ್‌ಸರಾಯ್‌ಕ ಯಾತ್ರಿಕರ್ನ ಕರ್ಕೊಂಡು ಬರಾಕ ಹೋಗಿದ್ರಿ, ಹೌದಲ್ರೀ? ಗುರುಗಳ ಪಾದ ಮುಟ್ಟಿ ಏನು ಹೇಳಿದ್ರಿ ನಮ್ಮಪ್ಪಗ?"

"ಮುಖಕ್ಕ ಬಣ್ಣ ಹಚ್ಚಿಲ್ಲ, ಕಾಶಮ್ಮ. ಬಕೆಟ್‌ಗೆ ಹಚ್ಚಿದ್ರು" ಎಂದ ಮಹಾಂತಯ್ಯ ತಲೆ ತಗ್ಗಿಸಿ. ಅಷ್ಟು ದಿನ ಭದ್ರವಾಗಿದ್ದ ವಾದ ಹೊರಗೆ ಬಂದ ಕೂಡಲೇ ಬಹಳ ಸಣ್ಣದಾಗಿ ಕೇಳಿಸಿತು. ಗೋದಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದರು.

"ನೀರು ಕುಡಿಯುವಾಗನ ಗೊತ್ತಾತು ನನಗ. ಮನ್ಯಾಗ ಹೋಗಿ ಮಾತಾಡೂಣು ಅಂತ ಸುಮ್ಮನಿದ್ದೆ. ಆದ್ರ ನೀವು ಬೀಳೂದು, ಏಳೂದು, ಆ ಕೈ ಕಣ್ಣಿನತನಾ ಬರಲಾರದ ನಿಂತದ್ದು..." ಅವಳು ಟೀವಿಯ ಕಡೆ ಕೈ ತೋರಿಸಿದಳು. "ಇಲ್ಲೇ ಹಿಂದ ಕುಂತೀರಿ ಅಂತ ಗೊತ್ತು. ಹೋಳಿಗಿ ತಿಂದದ್ದೂ ಗೊತ್ತು. ಆದರೂ ನನ್ನ ಜೀವ ಹೋದಂಗಾತಲ್ರಿ!"

ಭಲೇ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಊರಿನ ಪ್ರೇಕ್ಷಕರು ಅಂದಾರು? ಮಹಾಂತಯ್ಯನಿಗೆ ಸಂತೋಷಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಬೈಸಿಕೊಳ್ಳುವ ಹೊತ್ತಿನಲ್ಲಿ ನಗಬಾರದು ಎಂಬ ಬುದ್ಧಿ ಇತ್ತು, ಆದರೆ ಮೀಸೆ ಕೇಳಬೇಕಲ್ಲ. ಅವನು ಬಗ್ಗಿ, ಚೆಲ್ಲಿದ್ದ ಬತ್ತಿಗಳನ್ನು ಆಯತೊಡಗಿದ.

"ನಗಬ್ಯಾಡ್ರಿ. ಒಂದು ಮಾತು ಕೇಳಿಸ್ಕೋರಿ" ಎಂದಳು ಕಾಶಮ್ಮ. "ಇನ್ನ ಮುಂದ ಸಾಯೂ ಪಾತ್ರ ಮಾಡಂಗಿಲ್ಲ. ಬಣ್ಣ ಬೇಕಾದ್ರ ಹಚ್ಕೋರಿ. ನಮ್ಮಪ್ಪಗ ನಾ ಹೇಳ್ಕೊಂತೀನಿ."

ಅವಳಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

"ಅಂಕಲ್, ಫಿರ್ ಸೇ ದೇಖೇಂ? ಒನ್ಸ್ ಮೋರ್!" ಎಂದಳು ಗಗನಾ, ಈಗ ಅವಳ ಕಣ್ಣಿಗೆ ಮಹಾಂತಯ್ಯ ಬೇರೆಯೇ ಆಗಿದ್ದ. ಯಾರೂ ಹೂಂ ಅನ್ನುವ ಮೊದಲೇ ಗುಂಡಿ ಒತ್ತಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದಳು. ಪರದೆಯ ಮೇಲೆ ಕೆಂಪು ಕಣ್ಣು ಮತ್ತೆ ಹೊತ್ತಿಕೊಂಡಿತು. ಶುಕ್ರದವನು ಮೆಟ್ಟಿಲಿಂದ ಹೊರಳಿ ಮೇಲೆದ್ದ, ಚಾಚಿದ ಕೈ ಹಿಂದಕ್ಕೆಳೆದುಕೊಂಡ, ಗುಂಡು ಬಂದೂಕಿಗೆ ವಾಪಸಾಯಿತು, ಅವನು ಕುಂಟುಗಾಲಲ್ಲಿ ಹಿಂದೆ ಹಿಂದೆ ನಡೆದು ನಾವಿಕನ ಮಗಳ ಮುಂದೆ ಲೋಟ ಹಿಡಿದು ನಿಂತ.

"ಅಷ್ಟ ಸಾಕು, ಅಲ್ಲೇ ನಿಲ್ಲಸವಾ" ಎಂದಳು ಕಾಶಮ್ಮ. ಗಗನಾ ನಿಲ್ಲಿಸಿದಳು. ಕಾಶಮ್ಮ ಕಣ್ಣೊರೆಸಿಕೊಂಡು ಕುಳಿತು, ಗಂಡನ ಕೈಯಿಂದ ಬತ್ತಿಗಳನ್ನು ಇಸಿದುಕೊಂಡು, ವಿನೋದಾ ಅವರ ಕಡೆ ತಿರುಗಿದಳು.

"ಆಗ ಕೇಳಿದ್ರಲ್ಲ ಡಾಕ್ಟರಬಾಯಿ, ಸಿನಿಮಾ ಹ್ಯಾಂಗೈತಿ ಅಂತ? ಹಿಂಗ ಮುಗದ್ರ ಚಲೋ ಐತ್ರಿ."