ಸೊಪ್ಪಿನ ಅಮ್ಮಾಜಮ್ಮ ಸೂಜಿಗೆ ಕೈಯೊಡ್ಡಿದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ಮನೆ ಬಂಗಾರಪೇಟೆಯಲ್ಲಿತ್ತು. ಬೆಳಗಿನ ರೈಲಿನಲ್ಲಿ ನನ್ನ ಎದುರಿಗೆ ದಿನವೂ ಕೂರುತ್ತಿದ್ದವಳು ಸೊಪ್ಪಿನ ಅಮ್ಮಾಜಮ್ಮ. ಬೂದಿಕೋಟೆ ರಸ್ತೆಯ ಕಡೆಯ ಹಳ್ಳಿಯವಳು. ಹೊಲದ ಬದುಗಳಲ್ಲಿ ಸಿಗುವ ಅಣ್ಣೆ ಸೊಪ್ಪು, ದಗ್ಗಲ ಸೊಪ್ಪು, ಗೋಣಿ ಸೊಪ್ಪುಗಳನ್ನೆಲ್ಲ ಸೇರಿಸಿ ಬೆರಕೆ ಸೊಪ್ಪಿನ ಮೂಟೆ ಕಟ್ಟಿಕೊಂಡು ಬರುತ್ತಿದ್ದಳು. ಕೋರಮಂಡಲ್‌ನಲ್ಲಿ ಇಳಿದು, ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಮಾರಿ, ಉಳಿದದ್ದನ್ನು ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಗೆ ಒಯ್ಯುವಳು. ವ್ಯಾಪಾರ ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ.

ಮೂಟೆ ಹೊತ್ತು ಹೊತ್ತು ಅವಳ ಬಲಭುಜ ಹೋಗಿತ್ತು. ಆಂಡರ್ಸನ್‌ಪೇಟೆಯ ಅಂಗಡಿಯೊಂದರಲ್ಲಿ ನೋವಿನ ಮಾತ್ರೆ ಸಿಗುತ್ತಿತ್ತು. ಅದನ್ನು ಖಾಲಿ ಹೊಟ್ಟೆಗೆ ಟೀ ಜೊತೆ ನುಂಗುವುದು ಅವಳಿಗೆ ಎಲೆ ಅಡಿಕೆ ಹಾಕಿದಷ್ಟೇ ಸಹಜವಾಗಿತ್ತು. ಕೆಲವು ವರ್ಷ ಹೀಗೇ ನಡೆದ ಮೇಲೆ ಎದೆಗುಂಡಿಗೆಯ ಕೆಳಗೆ ಉರಿ ಹತ್ತಿಕೊಂಡಿತು. ರಾಬರ್ಟ್‌ಸನ್‌ಪೇಟೆಯ ಕ್ಲಿನಿಕ್ಕೊಂದರಲ್ಲಿ ಡಾಕ್ಟರು ಹೊಟ್ಟೆಯ ಹುಳಿ ಕಡಿಮೆ ಮಾಡುವ ಇಂಜೆಕ್ಷನ್ ಕೊಡಿಸಿದರು.

"ಒಟ್ಟೇಲಿ ಬೆಂಕಿ ಆರಿಸಿದಂಗಾಯ್ತು ಮೇಷ್ಟ್ರೇ," ಎಂದು ಮರುದಿನ ರೈಲಿನಲ್ಲಿ ಹೇಳಿದಳು.

ಆ ಡಾಕ್ಟರು ಮಾತ್ರೆಗಳನ್ನೂ ಬರೆದುಕೊಟ್ಟಿದ್ದರು, ಮತ್ತೆ ಬಂದು ತೋರಿಸು ಎಂದೂ ಹೇಳಿದ್ದರು. ಅವಳ ತಲೆಯಲ್ಲಿ ಉಳಿದದ್ದು ಸೂಜಿಯೊಂದೇ. ಉರಿ ಎದ್ದಾಗಲೆಲ್ಲ ನೇರವಾಗಿ ಕ್ಲಿನಿಕ್ಕಿನ ಕಾಂಪೌಂಡರ್ ಆದಿನಾರಾಯಣನ ಹತ್ತಿರ ಹೋಗಿ ತೋಳು ಚಾಚುತ್ತಿದ್ದಳು. ಆತ ಒಳ್ಳೆಯ ಮನುಷ್ಯ, ಇಲ್ಲ ಎನ್ನಲು ಬಾರದವನು.

ಒಂದು ಸಂತೆಯ ದಿನ ಡಾಕ್ಟರು ಇರಲಿಲ್ಲ. ಕ್ಲಿನಿಕ್ಕಿನ ತುಂಬ ಜನ. ಅಮ್ಮಾಜಮ್ಮನ ಮೂಟೆ ಹೊರಗೆ ಬಿಸಿಲಿನಲ್ಲಿ ಬಾಡುತ್ತಿತ್ತು.

"ಬಿರ್ರನೆ ಚುಚ್ಚಿ ಕಳ್ಸಪ್ಪ, ಸೊಪ್ಪು ಒಣಗೋಗ್ತದೆ!"

ಆದಿನಾರಾಯಣ ಮದ್ದಿಗೆ ಸಲೈನ್ ಬೆರೆಸಿ ತಿಳಿ ಮಾಡಲಿಲ್ಲ. ಸಿರಿಂಜಿಗೆ ಎಳೆದದ್ದನ್ನು ಹಾಗೆಯೇ ನರಕ್ಕೆ ಒಂದೇ ಬಾರಿಗೆ ತಳ್ಳಿಬಿಟ್ಟ. ಅಮ್ಮಾಜಮ್ಮ ಎದ್ದು ನಿಂತಳು. ಕಿವಿಯಲ್ಲಿ ಗುಂಯ್ ಎಂದಿತು, ಮೈಯೆಲ್ಲ ತಣ್ಣಗೆ ಬೆವೆತಿತು, ಕಣ್ಣು ಕತ್ತಲಾಗಿ ಅಲ್ಲೇ ಕುಸಿದಳು. ಆದಿನಾರಾಯಣ ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಒಂದು ಬಡಿದು ಇನ್ನೊಂದಕ್ಕೆ ಯೋಚಿಸುತ್ತಿರುವಂತೆ ನಿಧಾನವಾಗಿತ್ತು. ಅವಳನ್ನು ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಪಕ್ಕದ ಬೀದಿಯ ಡಾಕ್ಟರನ್ನು ಕರೆಸಿದರು. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿತು. ಅವಳ ಬಾಯಿಂದ ಬಂದ ಮೊದಲ ಮಾತು, "ಈ ಸೂಜಿ ಇನ್ನು ನನ್ನ ಮೈ ಮುಟ್ಟಬಾರದು."

ಇಡೀ ರೈಲಿಗೆ ಆ ಕತೆ ಹೇಳಿದಳು. ಆದರೆ ಭುಜದ ಮಾತ್ರೆ ಬಿಡಲಿಲ್ಲ. ಉರಿಗೆ ಮಜ್ಜಿಗೆ ಕುಡಿಯುತ್ತ ಕಾಲ ಹಾಕಿದಳು. ಆಮೇಲಾಮೇಲೆ ಮಲ ಡಾಂಬರಿನಂತೆ ಕಪ್ಪಗೆ ಹೋಗತೊಡಗಿತಂತೆ. ಸೊಪ್ಪು ತಿಂದದ್ದಕ್ಕೆ ಇರಬೇಕು ಎಂದುಕೊಂಡು ಗಂಡನಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮೂಟೆಯ ಪಕ್ಕ ಕೂತವಳು ಹಾಗೆಯೇ ವಾಲಿ, ಕಾಫಿ ಗಸಿಯಂಥದ್ದನ್ನು ವಾಂತಿ ಮಾಡಿಕೊಂಡಳು. ಅವಳ ಗಂಡ ಬಚ್ಚಪ್ಪ ಮೂಟೆ ಇಳಿಸಿ ಹಿಂತಿರುಗುತ್ತಿದ್ದವನು ಓಡಿ ಬಂದ. ನಾನೂ ಅವನೂ ಸೇರಿ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು.

ಅಲ್ಲಿದ್ದವರು ಡಾಕ್ಟರ್ ಜಯರಾಮಪ್ಪ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು, ರಕ್ತಕ್ಕೆ ಹೇಳಿಕಳಿಸಿದರು. ಒಂದು ಕೈಗೆ ಸಲೈನ್ ಏರಿಸಿದ್ದಾಯಿತು.

"ಯಾವುದಾದರೂ ಮಾತ್ರೆ ತಗೊಳ್ತೀಯೇನಮ್ಮ?"

"ಇಲ್ಲ ಸ್ವಾಮಿ."

ಬಚ್ಚಪ್ಪ ಬಾಯಿ ಹಾಕಿದ. "ಭುಜಕ್ಕೆ ದಿನಾ ನುಂಗ್ತಾಳಲ್ಲ ಸ್ವಾಮಿ."

"ಅದೇನ್ ಮಾತ್ರೆ ಬಿಡು, ಅದು ಅಂಗಡೀದು," ಎಂದಳು ಅಮ್ಮಾಜಮ್ಮ.

ಡಾಕ್ಟರು ನಗಲಿಲ್ಲ. "ನಿನ್ನ ಹೊಟ್ಟೆ ತೂತು ಮಾಡ್ತಿರೋದು ಆ ಅಂಗಡಿ ಮಾತ್ರೇನೇ ಇರಬೇಕು. ಒಳಗೆ ಹುಣ್ಣಾಗಿ ನೆತ್ತರು ಹೋಗ್ತಿದೆ. ಬಾಯಿಗೆ ಏನು ಕೊಟ್ಟರೂ ವಾಂತಿ ಆಗುತ್ತೆ. ಹುಳಿ ಕಡಿಮೆ ಆಗೋಕೆ ಇಂಜೆಕ್ಷನ್ ಕೊಡ್ತೀವಿ."

ಅಷ್ಟು ನಿತ್ರಾಣದಲ್ಲೂ ಅವಳು ಇನ್ನೊಂದು ಕೈಯನ್ನು ಸೀರೆಯೊಳಗೆ ಎಳೆದುಕೊಂಡಳು. "ಬ್ಯಾಡ. ಅದು ನನ್ನ ಒಂದು ಕಿತ ಕೊಲ್ಲಾಕ್ ಬಂದಿತ್ತು. ಸಾಯೋದಾದ್ರೆ ಇಂಗೇ ಸಾಯ್ತೀನಿ."

ಬಚ್ಚಪ್ಪ ಬೈದ, ಆಮೇಲೆ ಬೇಡಿಕೊಂಡ. ಡಾಕ್ಟರು ಅವನನ್ನು ಸುಮ್ಮನಿರಿಸಿ, ಸ್ಟೂಲ್ ಎಳೆದುಕೊಂಡು ಕೂತರು. "ಆವತ್ತು ಏನಾಯ್ತು, ಹೇಳು. ಮೈ ಮೇಲೆ ಗಂಧೆ ಎದ್ದಿತ್ತಾ? ಉಸಿರು ಕಟ್ಟಿತಾ? ಮುಖ ಊದಿತಾ?"

ಅದ್ಯಾವುದೂ ಆಗಿರಲಿಲ್ಲ. ಅವಳು ಸಂತೆ, ಜನ, ಬಾಡುತ್ತಿದ್ದ ಸೊಪ್ಪು, ತಾನು ಅವಸರ ಮಾಡಿದ್ದು, ಬಿದ್ದದ್ದು ಎಲ್ಲ ಹೇಳಿದಳು. ಅವರು ಸ್ಟೆತಾಸ್ಕೋಪ್ ಇಟ್ಟು ಎದೆ ಬಡಿತವನ್ನು ಬಹಳ ಹೊತ್ತು ಆಲಿಸಿದರು. ಉಚ್ಚೆ ಸರಿಯಾಗಿ ಹೋಗುತ್ತದೆಯೇ, ಕಾಲು ಊದುತ್ತದೆಯೇ ಎಂದೂ ಕೇಳಿದರು. ಮೂತ್ರಪಿಂಡ ಸರಿಯಿಲ್ಲದವರಿಗೆ ಮದ್ದು ಕಡಿಮೆ ಮಾಡಬೇಕಾಗುತ್ತದೆ ಎಂದು ನನಗೆ ಆಮೇಲೆ ಹೇಳಿದರು.

"ನೀನು ಇದನ್ನ ಹೇಳಿದ್ದು ಒಳ್ಳೇದಾಯ್ತು," ಎಂದರು ಅವಳಿಗೆ. "ಮದ್ದನ್ನ ಒಂದೇ ಸಲ ನರಕ್ಕೆ ನುಗ್ಗಿಸಿದರೆ ಎದೆ ಬಡಿತ ಕುಗ್ಗಬಹುದು. ನಾವು ಸಲೈನ್ ಸೇರಿಸಿ ತಿಳಿ ಮಾಡಿ, ನಿಧಾನಕ್ಕೆ ಕೊಡ್ತೀವಿ. ನಾಡಿ ನೋಡ್ತಾನೇ ಇರ್ತೀವಿ. ನೀನು ನಿಲ್ಲಿಸು ಅಂದ್ರೆ ನಿಲ್ಲಿಸ್ತೀವಿ."

ಅಮ್ಮಾಜಮ್ಮನ ಕೈ ಸೀರೆಯೊಳಗಿಂದ ಹೊರಗೆ ಬಂತು.

ಇಂಜೆಕ್ಷನ್ ಕೊಟ್ಟವಳು ನರ್ಸ್ ಕನಕಮ್ಮ, ಗಣಿ ಪ್ರದೇಶದ ಚಾಂಪಿಯನ್ ಕಡೆಯ ತಮಿಳು ಹೆಂಗಸು. ದೊಡ್ಡ ಸಿರಿಂಜಿನಲ್ಲಿ ಮದ್ದು ಬೆರೆಸಿಕೊಂಡು ಮಂಚದ ಅಂಚಿನಲ್ಲಿ ಕೂತಳು. ಒಂದು ಕೈ ಸಿರಿಂಜಿನ ಮೇಲಿತ್ತು, ಇನ್ನೊಂದು ಕೈಯ ಬೆರಳು ನಾಡಿಯ ಮೇಲೆ. ಅವಳ ಹೆಬ್ಬೆರಳು ಸರಿಯುತ್ತಿದೆಯೇ ಇಲ್ಲವೇ ಎಂಬುದೇ ನನಗೆ ತಿಳಿಯಲಿಲ್ಲ.

"ನಿಲ್ಸು, ನಿಲ್ಸು! ತಲೆ ತಿರುಗ್ತದೆ!"

ಕನಕಮ್ಮ ನಿಲ್ಲಿಸಿದಳು. ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು. "ಎಲ್ಲ ಸರಿ ಇದೆ ಅಮ್ಮಾ, ಇದು ಭಯ. ಸ್ವಲ್ಪ ಇರಿ, ಆಮೇಲೆ ಕೊಡ್ತೀನಿ. ಅದಿರ್ಲಿ, ಸೊಪ್ಪು ಮಾರ್ತೀರಂತಲ್ಲ, ಅಣ್ಣೆ ಸೊಪ್ಪಿಗೆ ನೀವು ಬೇಳೆ ಹಾಕ್ತೀರಾ, ಕಾಳಾ?"

"ಕಾಳು ಆಕ್ಬೇಕು ಕಣಮ್ಮ. ಅವರೆ ಕಾಳು. ಬೇಳೆ ಆಕಿದ್ರೆ ಅದರ ರುಚಿ ಕೆಟ್ಟೋಗ್ತದೆ..."

ಮಾತು ಬಸ್ಸಾರಿನ ತನಕ ಬಂದಿತು. ಕನಕಮ್ಮ ಹತ್ತಿ ಒತ್ತಿ ಎದ್ದಾಗ ಅಮ್ಮಾಜಮ್ಮ ತಬ್ಬಿಬ್ಬಾಗಿ ಕೇಳಿದಳು, "ಆಗೋಯ್ತಾ?" ಕನಕಮ್ಮ ಹೂಂ ಎಂದು ತಲೆಯಾಡಿಸಿದಳು. ಅಮ್ಮಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಕಡೆಗೆ ತಿರುಗಿದಳು.

ರಕ್ತ ಕೊಟ್ಟರು. ವಾಂತಿ ನಿಂತಿತು. ಗಂಜಿ ಒಳಗೆ ಉಳಿಯತೊಡಗಿದ ಮೇಲೆ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ಅದೇ ಬಗೆಯ ಮಾತ್ರೆ ಬರೆದರು. ಈಗ ಅಮ್ಮಾಜಮ್ಮನ ವಾದ ತಿರುಗಿತ್ತು. "ಸೂಜೀನೇ ಆಕಿ ಸ್ವಾಮಿ, ಒಗ್ಗಿದೆ."

"ನುಂಗೋಕೆ ಆಗದೇ ಇದ್ದಾಗ ಅದು. ಈಗ ಮಾತ್ರೆ ಸಾಕು," ಎಂದರು ಅವರು. ಉರಿ ಇಳಿದ ಮಾತ್ರಕ್ಕೆ ಒಳಗಿನದು ವಾಸಿಯಾಯಿತೆಂದಲ್ಲ, ಕೆಟ್ಟ ಗಂಟಿದ್ದರೂ ಈ ಮದ್ದಿಗೆ ನೋವು ಅಡಗಬಹುದು ಎಂದು ಹೇಳಿ, ಗಂಟಲಿನಿಂದ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಬಚ್ಚಪ್ಪ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಬರೀ ಹುಣ್ಣು ಎಂದು ತಿಳಿದಾಗ ನನ್ನ ಮನೆಯ ತನಕ ನಡೆದು ಬಂದು ಹೇಳಿ ಹೋದ.

ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಆದಿನಾರಾಯಣ ನೋಡಲು ಬಂದಿದ್ದ. ಬಾಗಿಲಲ್ಲೇ ನಿಂತಿದ್ದವನನ್ನು ಅವಳೇ ಕರೆದಳು.

"ಅವಸರ ಮಾಡಿದ್ದು ನಾನು ಕಣಪ್ಪ. ಆದ್ರೆ ನೀನು ಆಗಲ್ಲ ಅನ್ಬೇಕಾಗಿತ್ತು. ಇನ್ಮ್ಯಾಕೆ ಯಾರು ಅರಚಿದ್ರೂ ಆಗಲ್ಲ ಅನ್ನು."

ಆತ ತಲೆಯಾಡಿಸಿದ. ಆ ಮೇಲೆ ಡಾಕ್ಟರಿಲ್ಲದೆ ಆತ ಯಾರಿಗೂ ಸೂಜಿ ಹಾಕಲಿಲ್ಲ ಎಂದು ರಾಬರ್ಟ್‌ಸನ್‌ಪೇಟೆಯವರು ಹೇಳುತ್ತಿದ್ದರು. ಕೆಲವರು ಅದಕ್ಕೆ ಬೈದುಕೊಂಡರು ಕೂಡ.

ನೋವಿನ ಮಾತ್ರೆ ನಿಂತಿತು. ಭುಜದ ನೋವು ನಿಲ್ಲಲಿಲ್ಲ. ಅದಕ್ಕೆ ದಾರಿ ಹುಡುಕಿದವನು ಬಚ್ಚಪ್ಪ. ಸೊಪ್ಪು ಮಾರುವುದು ಹೆಂಗಸರ ಕೆಲಸ ಎನ್ನುತ್ತಿದ್ದವನು ಮನೆಯ ಹಸುಗಳನ್ನು ತಮ್ಮನಿಗೆ ಒಪ್ಪಿಸಿ ತಾನೇ ಮೂಟೆ ಹೊತ್ತು ರೈಲು ಹತ್ತಿದ. ತೊಂಬತ್ತೊಂದರಲ್ಲಿ ನನಗೆ ವರ್ಗವಾಗುವ ಮೊದಲು ಕೋರಮಂಡಲ್‌ನ ಲೈನ್ ಮನೆಗಳ ಮುಂದೆ ಅವರಿಬ್ಬರನ್ನೂ ಕಂಡೆ. ಬಚ್ಚಪ್ಪ ಹರಕು ಮುರಕು ತಮಿಳಿನಲ್ಲಿ ಸೊಪ್ಪಿಗೆ ಕೂಗು ಹಾಕುತ್ತಿದ್ದ. ಯಾವ ಮಾತನ್ನು ಏನಾಗಿ ಹೇಳಿದನೋ, ಹೆಂಗಸರು ಬಾಗಿಲಿಗೆ ಬಂದು ಬಿದ್ದು ಬಿದ್ದು ನಗುತ್ತಿದ್ದರು. ಹೊಂಗೆ ಮರದ ಕೆಳಗೆ ಕೂತಿದ್ದ ಅಮ್ಮಾಜಮ್ಮ ಅವನನ್ನು ತಿದ್ದಲು ಬಾಯಿ ತೆರೆದಳು. ಆಮೇಲೆ ತಿದ್ದುವುದು ಬಿಟ್ಟು, ಅವರ ಜೊತೆ ತಾನೂ ನಕ್ಕಳು.