ಬೀರುವಿನಲ್ಲಿ ಹದಿನಾರು ದಿನ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಕೋಣೆಯಲ್ಲಿ ಆರು ಕಂಪ್ಯೂಟರುಗಳು ಒಂದೊಂದಾಗಿ ಕಣ್ಣು ಬಿಡುತ್ತಿವೆ. ಚಕ್ರದ ಕುರ್ಚಿಯಲ್ಲಿ ಕೂತ ಹೆಂಗಸು ಕಾಲಿನಿಂದಲೇ ನೆಲವನ್ನು ನೂಕಿಕೊಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಾರೆ. ದೊಡ್ಡ ಕಂಪನಿಯ ಹೊಸ ಅಪ್‌ಡೇಟ್ ಇಳಿಯುವುದು ಈ ಹೊತ್ತಿಗೇ. ಇಳಿದ ಮೇಲೆ ಒಂದೊಂದು ಯಂತ್ರಕ್ಕೂ ನಲವತ್ತಮೂರು ಬಗೆಯ ಪರೀಕ್ಷೆ. ಒತ್ತುವುದು, ನೋಡುವುದು, ಬರೆಯುವುದು. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಇನ್ನೂರೈವತ್ತೆಂಟು ಸಾಲು ತುಂಬಿರುತ್ತವೆ.

ಕಚೇರಿಯಲ್ಲಿ ಎಲ್ಲರಿಗೂ ಇವರು ಒರೆಗಲ್ಲಕ್ಕ.

ಜನ ಬಳಸುವ ಹತ್ತರಲ್ಲಿ ಒಂಬತ್ತು ಕಂಪ್ಯೂಟರುಗಳಲ್ಲಿ ಇರುವುದು ಆ ಕಂಪನಿಯ ತಂತ್ರಾಂಶವೇ. ಬೇರೆಯವರ ಬ್ರೌಸರನ್ನು ತಲೆ ಎತ್ತಲು ಬಿಡುತ್ತಿಲ್ಲವೆಂದು ಅದರ ಮೇಲೆ ಮೊಕದ್ದಮೆ ನಡೆದು, ನಾಲ್ಕು ವರ್ಷದ ಹಿಂದೆ ರಾಜಿಯಾಯಿತು. ಜನ ಯಾವ ಬ್ರೌಸರ್ ಆರಿಸಿಕೊಂಡರೂ ಅದೇ ಉಳಿಯಬೇಕು, ಕಂಪನಿ ಅದನ್ನು ಬದಲಿಸಕೂಡದು ಎಂಬುದು ಷರತ್ತು. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ನೋಡಲು ಒಂದು ಸಮಿತಿ. ಸಮಿತಿಯಲ್ಲಿ ಹೆಸರಾಂತರಿದ್ದಾರೆ. ಗುಂಡಿ ಒತ್ತಿ ನೋಡುವವರು ಒರೆಗಲ್ಲಕ್ಕ ಮತ್ತು ಇಬ್ಬರು ಸಹೋದ್ಯೋಗಿಗಳು.

ಇವರು ಎಂಜಿನಿಯರ್ ಅಲ್ಲ. ಹನ್ನೊಂದು ವರ್ಷ ಒಂದು ರಿಪೇರಿ ಅಂಗಡಿಯಲ್ಲಿ ಫೋನ್ ಎತ್ತಿದವರು. ಎದುರಿನವರು ಕಿರುಚಿದರೂ "ಈಗ ಏನ್ ಕಾಣಿಸ್ತಿದೆ ಹೇಳಿ" ಎಂದು ತಾಳ್ಮೆಯಿಂದ ಕೇಳಿದವರು. ಮನೆಯಲ್ಲಿ ಗಂಡ, ಮಗಳು, ಅತ್ತೆ. "ದಿನಾ ಅದೇ ಗುಂಡಿ ಒತ್ತೋಕೆ ಸಂಬಳ ಕೊಡ್ತಾರಾ? ಹಾಗಾದ್ರೆ ನಂಗೂ ಒಂದು ಕುರ್ಚಿ ಹಾಕ್ಸು" ಎನ್ನುವುದು ಅತ್ತೆಯ ನಿತ್ಯದ ಕುಚೋದ್ಯ.

ಆ ಅತ್ತೆಯೇ ಕೆಲವು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸೊಸೆ ಹದಿನಾರು ದಿನ ರಜೆ ಹಾಕಿದರು. ಅಷ್ಟೂ ದಿನ ಸಹೋದ್ಯೋಗಿಗಳು ಐದು ಯಂತ್ರ ನೋಡಿಕೊಂಡರು. ಮೂಲೆಯ ಆರನೆಯದನ್ನು ಯಾರೂ ಮುಟ್ಟಲಿಲ್ಲ.

ಹದಿನೇಳನೆಯ ದಿನ ಅದನ್ನು ತೆರೆದಾಗ ಬಾಕಿಯಿದ್ದ ಅಪ್‌ಡೇಟುಗಳೆಲ್ಲ ಒಟ್ಟಿಗೇ ಇಳಿದವು. ಆಮೇಲೆ ನೋಡಿದರೆ, ತಾವು ಆರಿಸಿಟ್ಟಿದ್ದ ಬ್ರೌಸರ್ ಇರಲಿಲ್ಲ. ಕಂಪನಿಯದ್ದೇ ಬ್ರೌಸರ್ ಸದ್ದಿಲ್ಲದೆ ಬಂದು ಕೂತಿತ್ತು. ಒಂದು ಮಾತು ಕೇಳಿರಲಿಲ್ಲ.

"ನನ್ ಕಣ್ಣನ್ನೇ ನಾನು ನಂಬ್ಲಿಲ್ಲ. ಆಮೇಲೆ ಹೊಳೀತು. ನಾವು ದಿನಾ ತೆಗೀತೀವಿ, ಕಂಪನಿಯವರೂ ದಿನಾ ತೆಗೀತಾರೆ. ಮನೆ ಮಂದಿ ಹಾಗೆ ತೆಗೀತಾರಾ? ನಮ್ಮ ಚಿಕ್ಕಮ್ಮ ತಿಂಗಳಿಗೆ ಒಂದ್ಸಲ ತೆಗೆದ್ರೆ ಹೆಚ್ಚು."

ವರದಿ ಹೋಯಿತು. ಕಂಪನಿಯ ಉತ್ತರ ಒಂದೇ ಸಾಲಿನದು: ಪರೀಕ್ಷಕಿಯ ಕೈತಪ್ಪು. ಸಮಿತಿಯ ಅವಧಿ ಮುಗಿಯಲು ಒಂದು ತಿಂಗಳಷ್ಟೇ ಉಳಿದಿತ್ತು. ಮುಗಿದರೆ, ಷರತ್ತು ಪಾಲಿಸಲಾಗಿದೆ ಎಂಬ ಮುದ್ರೆ ಬೀಳುತ್ತಿತ್ತು. ಆಮೇಲೆ ನೋಡುವವರೂ ಇಲ್ಲ, ಕೇಳುವವರೂ ಇಲ್ಲ.

ರಾಜಿ ಮಾಡಿಸಿದ್ದ ನ್ಯಾಯಾಲಯಕ್ಕೇ ಸಮಿತಿ ವಿಷಯವನ್ನು ಒಯ್ದಿತು. ವಿಚಾರಣೆಯಲ್ಲಿ ಕಂಪನಿಯ ವಕೀಲರು ನಗುತ್ತಲೇ ಕೇಳಿದರು. "ನೋಡೀಮ್ಮಾ, ನಮ್ಮ ನಲವತ್ತು ಎಂಜಿನಿಯರುಗಳು ದಿನಾ ನೋಡ್ತಾನೇ ಇದ್ರು. ಅವರಿಗ್ಯಾರಿಗೂ ಕಾಣದ್ದು ನಿಮಗೆ ಹೇಗ್ ಕಾಣ್ತು?"

"ಅದೇ ಸರ್ ತಪ್ಪಾಗಿದ್ದು. ನೋಡ್ತಾನೇ ಇದ್ರು. ನೋಡದೇ ಇದ್ದಾಗ ಏನಾಗುತ್ತೆ ಅಂತ ಯಾರೂ ನೋಡ್ಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದರು. "ತೋರಿಸ್ತೀರಾ?"

"ತೋರಿಸ್ತೀನಿ ಸ್ವಾಮಿ. ಹದಿನಾರು ದಿನ ಕೊಡಿ, ಬೀಗ ಇರೋ ಒಂದು ಬೀರು ಕೊಡಿ."

ಎರಡು ಯಂತ್ರಗಳಲ್ಲಿ ಎಲ್ಲರ ಎದುರೇ ಬೇರೆ ಬ್ರೌಸರ್ ಆರಿಸಿ, ಅವನ್ನು ಆಫ್ ಮಾಡಿ ಬೀರುವಿನೊಳಗೆ ಇಟ್ಟರು. ಬೀರುವಿಗೆ ಅರಗಿನ ಮುದ್ರೆ ಬಿತ್ತು. ಅದರ ಮೇಲೆ ಕಂಪನಿಯವರದ್ದೂ ಸಹಿ. ಬೀಗದ ಕೈ ನ್ಯಾಯಾಲಯದ ಗುಮಾಸ್ತರ ಬಳಿ. ಆ ಹದಿನಾರು ದಿನ ಒರೆಗಲ್ಲಕ್ಕ ತಟ್ಟೆಯಲ್ಲಿ ಅನ್ನ ಬಿಟ್ಟೇ ಏಳುತ್ತಿದ್ದರು. ಹಾಸಿಗೆಯಲ್ಲಿದ್ದ ಅತ್ತೆಯೇ ಗದರಿದರಂತೆ: "ಸುಳ್ ಹೇಳಿದೋರು ಉಪವಾಸ ಇರ್ಲಿ. ನೀನ್ ಯಾಕಿರ್ತೀಯಾ? ಉಣ್ಣು!"

ಗಡುವಿನ ದಿನ ಗುಮಾಸ್ತರು ಮುದ್ರೆ ಒಡೆದರು. ಗುಂಡಿ ಒತ್ತಿದವರೂ ಅವರೇ, ಕೈತಪ್ಪೆಂಬ ಮಾತಿಗೆ ಎಡೆಯಿರಬಾರದೆಂದು. ಎರಡೂ ಯಂತ್ರಗಳಿಗೆ ಹದಿನಾರು ದಿನದ ಅಪ್‌ಡೇಟುಗಳು ಒಟ್ಟಿಗೇ ಇಳಿದವು. ಮೊದಲನೆಯದರಲ್ಲಿ ಕಂಪನಿಯ ಬ್ರೌಸರ್. ಎರಡನೆಯದರಲ್ಲೂ ಅದೇ. ವಕೀಲರು ನೀರು ಕೇಳಿದರು. ಹಿಂದಿನ ಸಾಲಿನಲ್ಲಿ, ಏಳೇ ಜನರಿರುವ ಪುಟ್ಟ ಬ್ರೌಸರ್ ಕಂಪನಿಯ ಒಡತಿ ಎದ್ದು ನಿಂತು ಚಪ್ಪಾಳೆ ತಟ್ಟಿ, ನ್ಯಾಯಾಧೀಶರಿಂದ ಬೈಸಿಕೊಂಡರು. ಬೈಯುವಾಗ ಅವರ ಮುಖದಲ್ಲೂ ನಗುವಿತ್ತಂತೆ.

ಸಮಿತಿಯ ಅವಧಿ ಮೂರು ವರ್ಷ ಮುಂದಕ್ಕೆ ಹೋಗಿದೆ. ಕಂಪನಿ ತಪ್ಪೊಪ್ಪಿಕೊಂಡು ತಿದ್ದಿದೆ. ಅದರ ಪರೀಕ್ಷಾ ಕೋಣೆಯಲ್ಲೂ ಈಗೊಂದು ಬೀಗದ ಬೀರು ಇದೆಯಂತೆ. ಅಲ್ಲಿನ ಎಂಜಿನಿಯರೊಬ್ಬ ಫೋನ್ ಮಾಡಿ, "ಅಕ್ಕಾ, ಹದಿನಾರು ದಿನ ಸಾಕಾ, ಇಪ್ಪತ್ತು ಇಡ್ಲಾ?" ಎಂದು ಕೇಳಿದನಂತೆ. "ಎರಡೂ ಇಟ್ಟು ನೋಡಪ್ಪಾ" ಎಂದರಂತೆ ಇವರು.

ಕಳೆದ ವಾರ ಮಗಳ ಅಂಗಿ ಹೊಲಿಸಲು ಬೀದಿಯ ಕೊನೆಯ ದರ್ಜಿಯ ಬಳಿ ಹೋಗಿದ್ದರು. ಊರಿಗೆ ಹೋಗಿದ್ದ ಆತ ತಿಂಗಳ ನಂತರ ಅಂದೇ ಅಂಗಡಿ ತೆರೆದಿದ್ದ. ಹೊಸ ನಮೂನೆ ತೋರಿಸಲು ಕಂಪ್ಯೂಟರಿನ ಧೂಳು ಕೊಡವಿ ಹಚ್ಚಿದ. ಅಪ್‌ಡೇಟುಗಳೆಲ್ಲ ಇಳಿಯುವವರೆಗೂ ಒರೆಗಲ್ಲಕ್ಕ ಅವನ ಬೆನ್ನ ಹಿಂದೆ ಪರದೆಯನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ತೆರೆದುಕೊಂಡದ್ದು ಆತ ಎಂದೋ ಆರಿಸಿಕೊಂಡಿದ್ದ, ಆ ಪುಟ್ಟ ಕಂಪನಿಯ ಬ್ರೌಸರ್.

"ಯಾಕಕ್ಕಾ ನಗ್ತೀರಾ? ನನ್ ಕಂಪ್ಯೂಟರ್ ಅಷ್ಟು ಹಳೇದಾ?"

"ಏನಿಲ್ಲಪ್ಪಾ," ಎಂದು ಅಂಗಿಯ ಬಟ್ಟೆ ಮುಂದಿಟ್ಟರು. "ನೀವು ಇಟ್ಟಿದ್ದು ಇಟ್ಟ ಹಾಗೇ ಇದೆ. ಅಳತೆ ತಗೊಳ್ಳಿ."