ಟೀಚರ್ ‘ರೀಡಬಲ್’ ಎಂದ ದಿನ

ಮೊನ್ನೆ ಮೊಮ್ಮಗುವಿಗೆ ಸ್ನಾನ ಮಾಡಿಸಿ ಪೌಡರ್ ಹಚ್ಚುತ್ತಿದ್ದೆ. ಆ ಘಮಕ್ಕೆ ನೆನಪಾದದ್ದು ಇಸ್ಪೀಟ್ ಎಲೆಗಳು... ಮಳೆಗಾಲದಲ್ಲಿ ಕಾಪುವಿನ ಕಡಲ ಗಾಳಿಗೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನೆರೆಮನೆಯ ಟೀಚರ್ ಅವಕ್ಕೆ ಪೌಡರ್ ಸವರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹಂಚುತ್ತಿದ್ದರು.

ಅವರು ಗಣಿತ ಕಲಿಸಿ ನಿವೃತ್ತರಾದವರು. ಅವರ ಯಜಮಾನರು ಉಡುಪಿಯ ಒಂದು ಕ್ಲಬ್ಬಿನಲ್ಲಿ ಭಾನುವಾರಗಳಂದು ಬ್ರಿಜ್ ಎಂಬ, ಇಬ್ಬಿಬ್ಬರ ಜೋಡಿಯ ಇಸ್ಪೀಟ್ ಆಟ ಆಡಿ ಬಂದು, ಅಂದಿನ ಆಟವನ್ನು ಊಟದ ಮೇಜಿನ ಮೇಲೆ ಮತ್ತೆ ಹರಡುತ್ತಿದ್ದರು. ಎಲ್ಲಿ ಎಡವಿದರೆಂದು ತೋರಿಸುತ್ತಿದ್ದವರು ಟೀಚರ್. ಯಜಮಾನರು ತೀರಿಕೊಂಡ ಮೇಲೆ ಆ ಮೇಜಿಗೆ ನನ್ನನ್ನು ಕರೆದು ಕೂರಿಸಿ ಆಟ ಕಲಿಸಿದರು. ಎಪ್ಪತ್ತರ ದಶಕದ ಕೊನೆ. ನಾನಾಗ ಮಣಿಪಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ.

“ಕ್ಲಬ್ಬಿನಲ್ಲಿ ಡುಪ್ಲಿಕೇಟ್ ಪಂದ್ಯ ಉಂಟಂತೆ. ನಾವಿಬ್ಬರೂ ಹೋಗುವ,” ಎಂದರು ಒಂದು ದಿನ.

“ಹೆಂಗಸರನ್ನು ಬಿಡ್ತಾರಾ ಟೀಚರ್?”

“ಬಿಡದಿದ್ದರೆ ಯಾಕೆ ಅಂತ ಕೇಳುವ.”

ಡುಪ್ಲಿಕೇಟಿನಲ್ಲಿ ಒಮ್ಮೆ ಹಂಚಿದ ಎಲೆಗಳನ್ನು ಕಲಸುವುದಿಲ್ಲ. ಹಾಗೆಯೇ ಹಲಗೆಯಲ್ಲಿಟ್ಟು ಮೇಜಿನಿಂದ ಮೇಜಿಗೆ ಕಳುಹಿಸುತ್ತಾರೆ. ಒಂದೇ ದಿಕ್ಕಿನಲ್ಲಿ ಕೂತ ಜೋಡಿಗಳಿಗೆಲ್ಲ ಅವೇ ಎಲೆಗಳು. ಒಳ್ಳೆಯ ಎಲೆ ಬಿತ್ತು, ಗೆದ್ದರು ಎಂದು ಹೇಳಲು ಬರುವುದಿಲ್ಲ. ಟೀಚರಿಗೆ ಬೇಕಾಗಿದ್ದದ್ದೂ ಅದೇ.

ಸುದ್ದಿ ತಿಳಿದು ಅವರ ಮೈದುನ ಬಂದರು. “ಅತ್ತಿಗೆ, ಅಣ್ಣ ಹೋಗಿ ವರ್ಷ ಆಗಲಿಲ್ಲ. ಗಂಡಸರ ಮಧ್ಯೆ ಕೂತು ಇಸ್ಪೀಟ್ ಆಡಿದರೆ ಜನ ಎಂತ ಹೇಳಿಯಾರು?”

“ನಿನ್ನ ಅಣ್ಣ ಇಷ್ಟು ವರ್ಷ ಆಡಿದರಲ್ಲ, ಆಗ ಜನ ಎಂತ ಹೇಳಿದರು?”

ಮೈದುನ ಕಾಫಿ ಕುಡಿಯದೆ ಎದ್ದು ಹೋದರು.

ಭಾನುವಾರ ಬಸ್ಸು ಹಿಡಿದು ಹೋದೆವು. ಬಾಗಿಲಲ್ಲೇ ಕಾರ್ಯದರ್ಶಿಯವರು ಕೈಮುಗಿದರು. “ಟೀಚರೇ, ಹೆಂಗಸರು ಆಡುವ ಕ್ರಮ ಇಲ್ಲಿ ಇಲ್ಲ.”

“ಎಲ್ಲರಿಗೂ ಮುಕ್ತ ಅಂತ ಹೊರಗೆ ಬೋರ್ಡ್ ಹಾಕಿದ್ದೀರಿ. ಆ ಎಲ್ಲರಲ್ಲಿ ನಾವು ಇಲ್ವಾ?” ಎಂದವರೇ ಒಳಗೆ ಹೋಗಿ ಖಾಲಿ ಮೇಜಿಗೆ ಕೂತುಬಿಟ್ಟರು. ನಾನು ಅವರ ಎದುರಿನ ಕುರ್ಚಿ ಎಳೆದುಕೊಂಡೆ. ನಮ್ಮೊಂದಿಗೆ ಆಡಬೇಕಾಗಿದ್ದ ವಕೀಲರೊಬ್ಬರು ತಮ್ಮ ಜೊತೆಗಾರನೊಂದಿಗೆ ಗೋಡೆಯ ಪಕ್ಕ ನಿಂತರು, ಹತ್ತಿರ ಬರಲಿಲ್ಲ.

“ಬರದಿದ್ದರೆ ಬೇಡ,” ಎಂದರು ಟೀಚರ್, ಇಡೀ ಕೋಣೆಗೆ ಕೇಳುವಂತೆ. “ಅವರಿಗೆ ಸೊನ್ನೆ ಹಾಕಿ. ನಾವು ಕಾಯ್ತೇವೆ.”

ಸೊನ್ನೆ ಎಂದ ಕೂಡಲೇ ಇಬ್ಬರೂ ಬಂದು ಕೂತರು.

ಟೀಚರ್ ‘ನಾಲ್ಕು ಸ್ಪೇಡ್’ ಎಂದರು. ಎಂದರೆ, ಹದಿಮೂರು ಸುತ್ತಿನಲ್ಲಿ ಹತ್ತನ್ನು ಗೆಲ್ಲುತ್ತೇವೆ ಎಂಬ ಮಾತು. ವಕೀಲರು ನಕ್ಕು ‘ಡಬಲ್’ ಎಂದರು. ನೀವು ಸೋಲುತ್ತೀರಿ, ದಂಡವೂ ಹೆಚ್ಚು ತೆರುತ್ತೀರಿ ಎಂದರ್ಥ. ಟೀಚರ್ ಕನ್ನಡಕ ಸರಿಮಾಡಿಕೊಂಡು ಅವರ ಮುಖವನ್ನೇ ನೋಡಿದರು.

“ರೀಡಬಲ್.”

ಡಬಲ್ಲಿನ ಮೇಲೆ ಮತ್ತೆ ಡಬಲ್. ಪಣ ಇನ್ನೂ ಏರಿತು. ಮಾತು ಕೊಟ್ಟವರೇ ಇಬ್ಬರ ಎಲೆಗಳನ್ನೂ ಆಡಬೇಕು; ನನ್ನವನ್ನು ಮೇಜಿನ ಮೇಲೆ ಬಿಡಿಸಿಟ್ಟು ಸುಮ್ಮನೆ ನೋಡುವುದಷ್ಟೇ ನನ್ನ ಪಾಲಿನದ್ದು. ಟೀಚರ್ ಆತುರಪಡಲಿಲ್ಲ. ಹತ್ತನೆಯ ಗೆಲುವು ನಮ್ಮ ಕಡೆ ಬಿದ್ದಾಗ ವಕೀಲರು ತಲೆ ಎತ್ತಲಿಲ್ಲ.

ಬಹುಮಾನ ನಮಗೆ ಬರಲಿಲ್ಲ. ಆದರೆ ಫಲಿತಾಂಶ ಓದಿದಾಗ ಕಾರ್ಯದರ್ಶಿಯವರ ಜೋಡಿ ನಮಗಿಂತ ಕೆಳಗಿತ್ತು. ಟೀಚರ್ ನೇರ ಕಾರ್ಯದರ್ಶಿಯವರ ಬಳಿಗೇ ಹೋದರು. “ಮುಂದಿನ ವಾರ ಆಟ ಎಷ್ಟು ಗಂಟೆಗೆ?”

ಅವರು ಫಲಿತಾಂಶದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದರು. “ಮೂರಕ್ಕೆ, ಟೀಚರೇ.”

ಆಮೇಲೆ ವರ್ಷಗಟ್ಟಲೆ ಹೋದೆವು. ಮೈದುನ ಮನೆಯ ಪೂಜೆಗಳಿಗೆ ಕರೆಯುವುದನ್ನು ನಿಲ್ಲಿಸಿದರು. ಅದು ಟೀಚರನ್ನು ನೋಯಿಸಿತು, ನನಗೆ ಗೊತ್ತು. ಆದರೂ ಒಂದು ಭಾನುವಾರವನ್ನೂ ಬಿಟ್ಟುಕೊಡಲಿಲ್ಲ. ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡಾಗ, ಅಂಗಳದಲ್ಲಿ ನಿಂತಿದ್ದ ಗಂಡಸರ ಗುಂಪನ್ನು ನೋಡಿ ಮೈದುನ ಮೆಲ್ಲನೆ ಕೇಳಿದರು, “ಇವರೆಲ್ಲ ಯಾರು?”

“ನಿಮ್ಮ ಅತ್ತಿಗೆಯ ಜೊತೆ ಆಡುವವರು,” ಎಂದೆ.

ಈಗ ನನಗೆ ಅಂದಿನ ಅವರಿಗಿಂತ ಹೆಚ್ಚು ವಯಸ್ಸು. ಈ ಮಂಡಿನೋವಿನಲ್ಲಿ ಕ್ಲಬ್ಬಿಗೆ ಯಾಕೆ ಹೋಗುವುದು ಎಂದು ಮನೆಯವರು ಗೊಣಗುತ್ತಾರೆ. ನಾನು ಹೋಗುತ್ತೇನೆ. ಎದುರಿನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ, ಒಳ್ಳೆಯವರೇ... ಆದರೆ ವಾಪಸು ಬರುವ ಬಸ್ಸಿನಲ್ಲಿ, ನಾನು ಎಸೆಯಬಾರದಿದ್ದ ಎಲೆ ಯಾವುದೆಂದು ಕಾಪು ಬರುವವರೆಗೂ ಬೈಯುವವರು ಯಾರೂ ಇಲ್ಲ.